ಕೆಟ್ಟ ದೊರೆಯ ಪಾರ್ಟೇ ಎಲ್ಲಕ್ಕಿಂತ ದುಬಾರಿ!

ನಕುಲ ಸಹದೇವರ ಪಾರ್ಟು ಬೇಕೇ? ಸಲೀಸಾಗಿ ಸಿಗುತ್ತೆ. ಧರ್ಮರಾಯನಿಗೂ ಸ್ವಲ್ಪ ಚೌಕಾಸಿ ಮಾಡಬಹುದು. ಆದರೆ ದುರ್ಯೋಧನನೇ ಬೇಕು ಅಂತ ಹಠ ಹಿಡಿದರೆ ಮಾತ್ರ ಜೇಬು ಗಟ್ಟಿ ಇರಬೇಕು!

ಮಂಡ್ಯ, ಮೈಸೂರು, ಹಾಸನ, ತುಮಕೂರು ಕಡೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಆಡಿದವರಿಗೆಲ್ಲ ಗೊತ್ತಿರುವ ಲೆಕ್ಕ ಇದು. ಇಲ್ಲಿ ನಟನಿಗೆ ಯಾರೂ ಸಂಬಳ ಕೊಡೋಲ್ಲ. ನಟನೇ ದುಡ್ಡು ಕಟ್ಟಿ ಬಣ್ಣ ಹಚ್ಚಿಕೊಳ್ಳಬೇಕು. ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಲೈಟು, ಮೈಕು, ಡ್ರೆಸ್ಸು, ಮೇಕಪ್ಪು, ಕರಪತ್ರ ಎಲ್ಲ ಖರ್ಚೂ ಪಾತ್ರಧಾರಿಗಳ ತಲೆಯ ಮೇಲೆ ಹಂಚಿಕೆ. ಪಾರ್ಟು ದೊಡ್ಡದಾದಷ್ಟೂ ರೇಟು ದೊಡ್ಡದು. ಕೃಷ್ಣ, ದುರ್ಯೋಧನ ಇಬ್ಬರದ್ದೂ ಹತ್ತಾರು ಸಾವಿರದ ವ್ಯವಹಾರ.

ಬೇಡಿಕೆ ಎಷ್ಟೆಂದರೆ ಒಬ್ಬ ದುರ್ಯೋಧನ ಸಾಲುವುದಿಲ್ಲ. ಕರಪತ್ರ ನೋಡಿ, '1ನೇ ದುರ್ಯೋಧನ', '2ನೇ ದುರ್ಯೋಧನ' ಅಂತ ಫೋಟೋ ಸಮೇತ ಹಾಕಿರುತ್ತಾರೆ. ಅರ್ಧ ರಾತ್ರಿಯವರೆಗೆ ಒಬ್ಬ ದೊರೆ, ಆಮೇಲೆ ಇನ್ನೊಬ್ಬ!

ಕೃಷ್ಣ ದೇವರು. ಅವನ ಪಾರ್ಟಿಗೆ ಬೆಲೆ ಇದ್ದರೆ ಅದು ಸರಿಯೇ. ಆದರೆ ಅಣ್ಣತಮ್ಮಂದಿರ ಪಾಲು ನುಂಗಿದವನು, ತುಂಬಿದ ಸಭೆಗೆ ಹೆಣ್ಣನ್ನು ಎಳೆಸಿದವನು, ಇಡೀ ವಂಶವನ್ನೇ ಮಣ್ಣು ಮಾಡಿದವನು... ಇಂಥವನ ಕಿರೀಟ ಇಡೋದಕ್ಕೆ ಇಷ್ಟು ಪೈಪೋಟಿ ಯಾಕೆ ಸ್ವಾಮಿ?

ಗತ್ತಿಗೆ ಮಾರುಹೋದವರು

ಮೊದಲನೇ ಉತ್ತರ ಸುಲಭ. ಪಾರ್ಟಿನ ಗತ್ತು! ಹೆಗಲ ಮೇಲೆ ಗದೆ, ಹುರಿಮೀಸೆ, ಜರಿ ಡ್ರೆಸ್ಸು. ಪರದೆ ಎದ್ದು ಸಿಂಹಾಸನದ ಮೇಲೆ ಲೈಟು ಬಿತ್ತು ಅಂದರೆ ಶಿಳ್ಳೆಯೋ ಶಿಳ್ಳೆ. ಕಂದ, ಸೀಸಪದ್ಯಗಳಲ್ಲಿ ದನಿ ಏರಿಸಿ ನಿಲ್ಲಿಸಿದರೆ 'ಒನ್ಸ್ ಮೋರ್' ಕೂಗು. ಸೀನಿನ ಮಧ್ಯದಲ್ಲೇ ನೆಂಟರಿಷ್ಟರು ಮೇಲೆ ಹತ್ತಿ ನೋಟಿನ ಹಾರ ಹಾಕುತ್ತಾರೆ. ಹಗಲೆಲ್ಲ ಅಂಗಡಿಯಲ್ಲಿ ತಕ್ಕಡಿ ಹಿಡಿದವನು, ಲಾರಿ ಓಡಿಸಿದವನು, ಗದ್ದೆಗೆ ನೀರು ಕಟ್ಟಿದವನು ಒಂದು ರಾತ್ರಿಗೆ ಹಸ್ತಿನಾವತಿಯ ದೊರೆ!

ಈ ಗತ್ತಿಗೆ ದಾರಿ ಹಾಕಿಕೊಟ್ಟದ್ದು ಕಂಪನಿ ನಾಟಕ. ಗುಬ್ಬಿ ವೀರಣ್ಣನವರ ಕಂಪನಿ ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ'ವನ್ನು ಆನೆ, ಕುದುರೆ ತಂದು ನಿಲ್ಲಿಸಿ ಆಡಿ ಜನರನ್ನು ಬೆರಗು ಮಾಡಿತ್ತು. ಈಗ ಹಳ್ಳಿಗಳಲ್ಲಿ ಆಡುವ ಪಾಠ ಒಂದೇ ಅಲ್ಲ, ಮೇಷ್ಟ್ರಿಗೊಂದು ಪ್ರತಿ. ಆನೆಯೂ ಇಲ್ಲ. ಆದರೂ ದುರ್ಯೋಧನನ ದರ್ಬಾರು ಮಾತ್ರ ಹಾಗೇ ಇದೆ. 2019ರಲ್ಲಿ ಬಂದ 'ಕುರುಕ್ಷೇತ್ರ' ಸಿನಿಮಾದಲ್ಲೂ ಹೀರೋ ದರ್ಶನ್ ಹಾಕಿದ್ದು ಅರ್ಜುನನ ವೇಷವಲ್ಲ, ದುರ್ಯೋಧನನದೇ.

ಬಳೆಗಾರರ ಮನೆಯ ಕವಿ

ಕೆಟ್ಟ ದೊರೆಗೆ ಕನ್ನಡದಲ್ಲಿ ಈ ಮರ್ಯಾದೆ ಇಂದು ನೆನ್ನೆಯದಲ್ಲ. ಸಾವಿರ ವರ್ಷದ ಹಿಂದೆ, 10ನೇ ಶತಮಾನದಲ್ಲಿ, ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ 'ಗದಾಯುದ್ಧ' ಬರೆದ. ಬರೆದದ್ದು ಭೀಮನನ್ನು ಹೊಗಳೋದಕ್ಕೆ. ಚಾಲುಕ್ಯರ ಸತ್ಯಾಶ್ರಯನನ್ನೇ ಭೀಮನಿಗೆ ಹೋಲಿಸಿ ಬರೆದ ಆಸ್ಥಾನದ ಕಾವ್ಯ ಅದು. ಆದರೆ ಓದಿದವರ ಮನಸ್ಸಿನಲ್ಲಿ ನಿಂತವನು ಸೋತ ದುರ್ಯೋಧನ!

ಯುದ್ಧ ಮುಗಿಯುತ್ತ ಬಂದಿದೆ. ದೊರೆ ಸಂಜಯನ ಜೊತೆ ಹೆಣಗಳ ನಡುವೆ ನಡೆದು ಹೋಗುತ್ತಾನೆ. ದ್ರೋಣ ಬಿದ್ದಿದ್ದಾನೆ. ತಮ್ಮ ದುಶ್ಶಾಸನ ಬಿದ್ದಿದ್ದಾನೆ. ಮಗ ಲಕ್ಷಣ ಕುಮಾರ, ಜೀವದ ಗೆಳೆಯ ಕರ್ಣ ಎಲ್ಲರೂ ಅಲ್ಲೇ. ಶತ್ರುವಿನ ಮಗ ಅಭಿಮನ್ಯುವಿನ ಹೆಣ ಕಂಡಾಗ ಅವನ ಶೌರ್ಯಕ್ಕೆ ಕೈ ಮುಗಿದು, ಇಂಥ ಸಾವು ತನಗೂ ಬರಲಿ ಅಂತ ಬೇಡುತ್ತಾನೆ. ಈಗಲಾದರೂ ಸಂಧಿ ಮಾಡಿಕೋ ಅಂದ ಶರಶಯ್ಯೆಯ ಭೀಷ್ಮನಿಗೆ ಮಾತ್ರ 'ಆಗೋಲ್ಲ' ಅನ್ನುತ್ತಾನೆ. 1926ರಲ್ಲಿ ಬಿ.ಎಂ.ಶ್ರೀ ಇದನ್ನೇ 'ಗದಾಯುದ್ಧ ನಾಟಕಂ' ಮಾಡಿ ರಂಗಕ್ಕೆ ಒಪ್ಪಿಸಿದರು.

ಸಂಸ್ಕೃತದ ಭಾಸನ 'ಊರುಭಂಗ'ದಲ್ಲೂ ಇದೇ ಕಥೆ. ತೊಡೆ ಮುರಿದು ಬಿದ್ದ ದುರ್ಯೋಧನ ಚಿಕ್ಕ ಮಗನನ್ನು ಹತ್ತಿರ ಕರೆದು, ಪಾಂಡವರನ್ನು ನನ್ನಂತೆಯೇ ತಿಳಿದು ಸೇವೆ ಮಾಡು ಅಂತ ಹೇಳಿ ಕಣ್ಣು ಮುಚ್ಚುತ್ತಾನೆ. ಇನ್ನು ಕೇರಳದ ಕೊಲ್ಲಂ ಜಿಲ್ಲೆಯ ಮಲನಡದಲ್ಲಿ ದುರ್ಯೋಧನನ ಹೆಸರಲ್ಲಿ ದೇವಸ್ಥಾನವೇ ಇದೆ. ಒಳಗೆ ವಿಗ್ರಹವಿಲ್ಲ, ಭಕ್ತರು ಮಾತ್ರ ಬರುತ್ತಲೇ ಇದ್ದಾರೆ.

ಸೂಜಿ ಮೊನೆಯ ತಕರಾರು

ಆದರೆ ಹಳ್ಳಿಯ ಪ್ರೇಕ್ಷಕ ರನ್ನನನ್ನೂ ಓದಿಲ್ಲ, ಭಾಸನನ್ನೂ ಓದಿಲ್ಲ. ಅವನಿಗೆ ದುರ್ಯೋಧನ ಇಷ್ಟು ಹತ್ತಿರವಾಗೋದು ಬೇರೆ ಕಾರಣಕ್ಕೆ. ಈ ಜಗಳ ಅವನಿಗೆ ಗೊತ್ತು!

ಪಾಂಡವರ ಪರವಾಗಿ ಕೃಷ್ಣ ಸಂಧಾನಕ್ಕೆ ಬರುತ್ತಾನೆ. ಅರ್ಧ ರಾಜ್ಯ ಬೇಡ, ಐದು ಊರು ಕೊಡು ಸಾಕು ಅನ್ನುತ್ತಾನೆ. ಸೂಜಿ ಮೊನೆ ಊರುವಷ್ಟು ಜಾಗವನ್ನೂ ಕೊಡೋಲ್ಲ ಅನ್ನುವ ದುರ್ಯೋಧನನ ಉತ್ತರಕ್ಕೆ ಚಪ್ಪಾಳೆ ಬೀಳುತ್ತೆ. ಚಪ್ಪಾಳೆ ಹೊಡೆದವರಲ್ಲಿ ಎಷ್ಟು ಜನ ಮಾರನೇ ದಿನ ಬೆಳಗಿನ ಬಸ್ಸು ಹಿಡಿದು ತಾಲ್ಲೂಕು ಕೋರ್ಟಿಗೆ ಹೋಗುವವರು? ಬದುವಿನ ತಕರಾರು, ಭಾಗದ ದಾವೆ, ಹಿತ್ತಲ ಗೋಡೆಯ ವ್ಯಾಜ್ಯ. ಅಪ್ಪ ಹಾಕಿದ ಕೇಸನ್ನು ಮಗ ನಡೆಸುತ್ತಾನೆ. ಕೊನೆಗೆ ಮೂರು ಗುಂಟೆಗಾಗಿ ಮೂವತ್ತು ಗುಂಟೆ ಮಾರಿದವರೂ ಇದ್ದಾರೆ. ದಾಯಾದಿ ಮತ್ಸರ ಅನ್ನೋ ಮಾತನ್ನು ಇವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ದುರ್ಯೋಧನ ಮಾಡಿದ್ದು ತಪ್ಪು ಅಂತ ಎಲ್ಲರಿಗೂ ಗೊತ್ತು. ಆದರೆ ಹಿಡಿದ ಪಟ್ಟು ಬಿಡಲಿಲ್ಲವಲ್ಲ, ಅಲ್ಲಿಗೆ ಜನ ಸೋಲುತ್ತಾರೆ. ಅವನ ಛಲ ಅನ್ನೋದು ನಮ್ಮೊಳಗಿರುವ ಹಠಕ್ಕೇ ಜರಿ ಡ್ರೆಸ್ಸು ತೊಡಿಸಿದ ಹಾಗೆ. ಮನೆಯಲ್ಲಿ ಹೆಂಡತಿ ಮಕ್ಕಳು ಬೈಯುವ ಗುಣಕ್ಕೆ ಸ್ಟೇಜಿನ ಮೇಲೆ ನೋಟಿನ ಹಾರ!

ನಾಟಕ ತೋರಿಸದ ಸೀನು

ಇಲ್ಲಿ ಒಂದು ಸೂಕ್ಷ್ಮ ಇದೆ. 'ಕುರುಕ್ಷೇತ್ರ' ಸಾಮಾನ್ಯವಾಗಿ ಶುರುವಾಗೋದೇ ವನವಾಸ, ಅಜ್ಞಾತವಾಸ ಎಲ್ಲ ಮುಗಿದ ಮೇಲೆ. ಅರಗಿನ ಮನೆಗೆ ಬೆಂಕಿ ಇಟ್ಟದ್ದು, ಮೋಸದ ಪಗಡೆ, ದ್ರೌಪದಿಯ ಮುಡಿ ಹಿಡಿದು ಎಳೆತಂದದ್ದು, ತೊಡೆ ತಟ್ಟಿ ಕರೆದದ್ದು ಇವೆಲ್ಲ ಪರದೆ ಏಳುವ ಮೊದಲೇ ಆಗಿಹೋಗಿರುತ್ತೆ. ಪ್ರೇಕ್ಷಕನ ಕಣ್ಣಿಗೆ ಬೀಳೋದು ಗೆಳೆಯನನ್ನು ಬಿಡದ ದೊರೆ, ತಮ್ಮಂದಿರಿಗಾಗಿ ಅಳುವ ದೊರೆ, ಬಗ್ಗದೆ ಸಾಯುವ ದೊರೆ. ಭಾಸನ ನಾಟಕವೂ ತೊಡೆ ಮುರಿದ ಕಡೆಯಿಂದಲೇ ಮುಂದುವರಿಯುತ್ತೆ. ಕೆಟ್ಟವನ ಕಥೆಯನ್ನು ಕೊನೆಯಿಂದ ಹೇಳಿದರೆ ಯಾರಿಗೆ ತಾನೇ ಕನಿಕರ ಬರೋಲ್ಲ?

ರನ್ನ ಈ ವಿಷಯದಲ್ಲಿ ಎಚ್ಚರದ ಮನುಷ್ಯ. ಅವನೂ ಕಥೆಯನ್ನು ಕೊನೆಯಲ್ಲೇ ಹಿಡಿಯುತ್ತಾನೆ. ಆದರೆ ಶುರುವಿನಲ್ಲೇ ದ್ರೌಪದಿಯನ್ನು ಭೀಮನ ಮುಂದೆ ತಂದು ನಿಲ್ಲಿಸಿ ಅವಳ ಉರಿಯನ್ನು ಕೇಳಿಸುತ್ತಾನೆ. ದೊರೆಗಾಗಿ ಮರುಗಿ, ಬೇಡ ಅನ್ನೋಲ್ಲ, ಆದರೆ ಇವಳನ್ನು ಮರೆಯಬೇಡಿ ಅಂದ ಹಾಗೆ.

ಹಳ್ಳಿ ನಾಟಕದಲ್ಲಿ ಆ ಕೆಲಸ ಬಿಚ್ಚಿದ ಮುಡಿಯ ದ್ರೌಪದಿಯದು. ಸಂಧಾನಕ್ಕೆ ಹೊರಟ ಕೃಷ್ಣನ ಮುಂದೆ ನಿಂತು ತನ್ನ ಮುಡಿ ತೋರಿಸುತ್ತಾಳೆ. ಸೀನು ಚಿಕ್ಕದು. ಆ ಪಾರ್ಟು ಹಾಕೋದು ಊರಿನವರಲ್ಲ, ಹೊರಗಿನಿಂದ ಕೂಲಿಗೆ ಕರೆಸಿದ ಕಲಾವಿದೆ. ಗಂಡಸರೆಲ್ಲ ಕಾಸು ಕೊಟ್ಟು ದೊರೆಗಳಾಗುವ ಸ್ಟೇಜಿನ ಮೇಲೆ ಅವಳು ಮಾತ್ರ ಹೊಟ್ಟೆಪಾಡಿಗೆ ದುಡಿಯುವವಳು. ಒಂದೇ ವಾರದಲ್ಲಿ ನಾಕು ಊರಿನ ದುರ್ಯೋಧನರನ್ನು ನೋಡುವವಳು! ಅವಳ ಮಾತಿಗೆ ಶಿಳ್ಳೆ ಕಡಿಮೆ. ಹಿಂದೆ ಚಾಪೆಯ ಮೇಲೆ ಕೂತ ಹೆಂಗಸರು ಮಾತ್ರ ಗುಸುಗುಸು ನಿಲ್ಲಿಸಿ ಕೇಳುತ್ತಾರೆ.

ಗದಾಯುದ್ಧದ ಹೊತ್ತಿಗೆ ಬೆಳಗಿನ ಜಾವ. ಅರ್ಧ ಜನ ನಿದ್ದೆಯಲ್ಲಿ. ಭೀಮ ತೊಡೆಗೆ ಹೊಡೆಯುತ್ತಾನೆ, ಅದು ಯುದ್ಧದ ನಿಯಮಕ್ಕೆ ವಿರುದ್ಧ. ಬಿದ್ದ ದೊರೆಗೆ ಇನ್ನೊಂದು ಪದ್ಯ, ಇನ್ನೊಂದು ಚಪ್ಪಾಳೆ. ಆಮೇಲೆ ಮಂಗಳ, ಮೊದಲ ಬಸ್ಸಿನ ಹಾರ್ನು.

ಕಿರೀಟ, ಗದೆ, ಜರಿ ಡ್ರೆಸ್ಸು ಎಲ್ಲ ಲೆಕ್ಕ ಮಾಡಿ ಬಾಡಿಗೆಯವನ ಟ್ರಂಕಿಗೆ ವಾಪಸ್ಸು ಹೋಗುತ್ತೆ. ಹಠ ಮಾತ್ರ ಬಾಡಿಗೆಯದಲ್ಲ. ಅದನ್ನು ಮನೆಗೆ ಒಯ್ದವರು ಸೂಜಿ ಮೊನೆಯಷ್ಟು ಜಾಗಕ್ಕೆ ದುರ್ಯೋಧನ ಕೊಟ್ಟ ಬೆಲೆ ಎಷ್ಟು ಅನ್ನೋದನ್ನೂ ಒಂದು ಸಲ ಲೆಕ್ಕ ಹಾಕಿದರೆ ಒಳ್ಳೆಯದು. ನೂರು ಜನ ಅಣ್ಣತಮ್ಮಂದಿರಿದ್ದ ಮನೆಯಲ್ಲಿ ಕೊನೆಗೆ ನೀರು ಬಿಡೋದಕ್ಕೆ ಉಳಿದವನು ಕುರುಡ ಅಪ್ಪ.