ಹೊಳೆ ಬಂದ ಕಾಲದ ಸರಕಾರ

ಕೃಷ್ಣೆಯ ದಂಡೆಯ ನಮ್ಮ ಸೀಮೆಯಲ್ಲಿ ‘ಪ್ರವಾಹ ಬಂದಿತು’ ಎಂದು ಹೇಳುವವರು ವಿರಳ. ‘ಹೊಳಿ ಬಂತು’ ಎನ್ನುತ್ತಾರೆ. ವರ್ಷವಿಡೀ ಊರ ಮಗ್ಗುಲಲ್ಲಿಯೇ ಹರಿಯುತ್ತಿರುವ ಹೊಳೆ ಹೊಸದಾಗಿ ಬರುವುದೆಂದರೇನೆಂದು ಪರಸ್ಥಳದವರು ಕೇಳಿಯಾರು. ಹೊಳೆ ತನ್ನ ಪಾತ್ರವನ್ನು ಬಿಟ್ಟು ಮನೆಯ ಹೊಸ್ತಿಲಿಗೆ ಬರುವುದೆಂದೇ ಅದರ ಅರ್ಥ. 2005ರಲ್ಲಿ ಹಾಗೆ ಬಂದಿತ್ತು. 2019ರ ಆಗಸ್ಟ್ ತಿಂಗಳ ಆರಂಭದಲ್ಲಿ ಮತ್ತೆ ಬಂದಿತು. ಈ ಸಲ ಹಿಂದಿನದನ್ನು ಹಿರಿಯರು ಮರೆಯುವಷ್ಟು ಬಂದಿತು.

ಸಹ್ಯಾದ್ರಿಯ ನೆತ್ತಿಯ ಮೇಲೆ ಸುರಿದ ಮಳೆಗೆ ಕೊಯ್ನಾ ಜಲಾಶಯದ ಬಾಗಿಲುಗಳು ತೆರೆದವು. ಪಂಚಗಂಗೆ, ದೂಧಗಂಗೆ, ವೇದಗಂಗೆಗಳು ತಮ್ಮ ತಮ್ಮ ಪಾಲನ್ನು ತಂದು ಸುರಿದವು. ಚಿಕ್ಕೋಡಿ ತಾಲೂಕಿನ ಕಲ್ಲೋಳ–ಯಡೂರ ನಡುವಿನ ತಗ್ಗು ಸೇತುವೆ ಮಳೆಗಾಲದಲ್ಲಿ ಮುಳುಗುವುದು ವಾಡಿಕೆಯೇ. ಆ ಸಲ ಕುಡಚಿಯ ಸೇತುವೆಯೂ ಮುಳುಗಿ, ರಾಯಬಾಗದ ಕಡೆಯವರಿಗೆ ಎದುರು ದಂಡೆಯ ಉಗಾರವು ಪರದೇಶವಾಯಿತು. ನಿಪ್ಪಾಣಿಯ ಬಳಿ ಯಮಗರ್ಣಿಯಲ್ಲಿ ವೇದಗಂಗೆ ಪುಣೆ–ಬೆಂಗಳೂರು ಹೆದ್ದಾರಿಯನ್ನೇ ಏರಿ ದಿನಗಟ್ಟಲೆ ಸಂಚಾರವನ್ನು ತಡೆಯಿತು. ಕಾಗವಾಡ ಸೀಮೆಯ ಜುಗುಳ, ಮಂಗಾವತಿ, ಶಹಾಪುರ, ಅಥಣಿ ಸೀಮೆಯ ಸಪ್ತಸಾಗರ, ಹುಲಗಬಾಳಿ, ನದಿಇಂಗಳಗಾಂವ ಮೊದಲಾದ ಊರುಗಳ ಜನ ದನಕರುಗಳೊಡನೆ ಎತ್ತರದ ನೆಲವನ್ನು ಅರಸಿ ಹೊರಟರು. ಎಮ್ಮೆಯನ್ನು ಬಿಟ್ಟು ಗಂಜಿ ಕೇಂದ್ರಕ್ಕೆ ಬರಲೊಲ್ಲೆವೆಂದು ಹಟ ಹಿಡಿದವರ ವ್ಯಥೆಯನ್ನು ಎಮ್ಮೆ ಸಾಕಿದವರೇ ಬಲ್ಲರು. ಕಬ್ಬಿನ ಸುಳಿಯೊಳಗೆ ನೀರು ಹೊಕ್ಕಿತೆಂದರೆ ಆ ವರ್ಷದ ಬೆಳೆ ಕೈಬಿಟ್ಟಿತೆಂದೇ ಲೆಕ್ಕ. ಕಬ್ಬು ಹೋದರೆ ಸೊಸಾಯಿಟಿಯ ಸಾಲ, ಮಗಳ ಮದುವೆ, ಮಗನ ಕಾಲೇಜು ಎಲ್ಲವೂ ಮುಂದಿನ ವರ್ಷಕ್ಕೆ.

ಇದೇ ಹೊತ್ತಿನಲ್ಲಿ, ಸುಮಾರು 600 ಕಿಲೋಮೀಟರು ದೂರದ ರಾಜಧಾನಿಯಲ್ಲಿ, ಸರಕಾರವೆಂಬುದು ಒಬ್ಬರೇ ಒಬ್ಬರಾಗಿತ್ತು. ಶ್ರೀ ಬಿ. ಎಸ್. ಯಡಿಯೂರಪ್ಪನವರು ಜುಲೈ 26ರಂದು ಪ್ರಮಾಣವಚನ ಸ್ವೀಕರಿಸಿದ್ದರು. ಮಂತ್ರಿಮಂಡಲವು ಆಗಸ್ಟ್ 20ರ ವರೆಗೆ ಹುಟ್ಟಲಿಲ್ಲ. ಮುಖ್ಯಮಂತ್ರಿಗಳು ನೆರೆಪೀಡಿತ ಸೀಮೆಯನ್ನು ಸುತ್ತಲಿಲ್ಲವೆಂದಲ್ಲ. ಸುತ್ತಿದರು, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಕೊಡುವುದಾಗಿ ಸಾರಿದರು. ಆದರೆ ಇಡೀ ರಾಜ್ಯದ ಖಾತೆಗಳೆಲ್ಲ ಒಂದೇ ತಲೆಯ ಮೇಲಿದ್ದವು. ಇತ್ತ ಅಥಣಿ, ಕಾಗವಾಡಗಳಿಗೆ ಶಾಸಕರೇ ಇರಲಿಲ್ಲ. ಮಂತ್ರಿಗಳಿಲ್ಲದ ಸರಕಾರ, ಶಾಸಕರಿಲ್ಲದ ಊರು: ಇವೆರಡೂ ಕಾಕತಾಳೀಯವಾಗಿ ಕೂಡಿಬಂದವಲ್ಲ. ಇಂಥ ಪೀಠಗಳು ಬರಿದಾದುದರಿಂದಲೇ ಆ ಸರಕಾರ ಹುಟ್ಟಿತ್ತು.

2018ರ ಮೇ ತಿಂಗಳ ಚುನಾವಣೆಯಲ್ಲಿ ಅಥಣಿಯಿಂದ ಕಾಂಗ್ರೆಸ್ಸಿನ ಶ್ರೀ ಮಹೇಶ ಕುಮಠಳ್ಳಿಯವರು, ಮೂರು ಸಲ ಗೆದ್ದಿದ್ದ ಭಾರತೀಯ ಜನತಾ ಪಕ್ಷದ ಶ್ರೀ ಲಕ್ಷ್ಮಣ ಸವದಿಯವರನ್ನು 2,331 ಮತಗಳಿಂದ ಸೋಲಿಸಿದರು. ಕಾಗವಾಡದಲ್ಲಿ ಕಾಂಗ್ರೆಸ್ಸಿನ ಶ್ರೀ ಶ್ರೀಮಂತ ಪಾಟೀಲರು ಭಾಜಪದ ಶ್ರೀ ರಾಜು ಕಾಗೆಯವರ ಮೇಲೆ 32 ಸಾವಿರಕ್ಕೂ ಮಿಕ್ಕ ಅಂತರದಿಂದ ಗೆದ್ದರು. ಕಾಂಗ್ರೆಸ್ಸು ಜನತಾದಳದೊಡನೆ ಕೂಡಿ ಶ್ರೀ ಎಚ್. ಡಿ. ಕುಮಾರಸ್ವಾಮಿಯವರ ನೇತೃತ್ವದಲ್ಲಿ ಸರಕಾರ ರಚಿಸಿತು. ಹದಿನಾಲ್ಕು ತಿಂಗಳಾಗುತ್ತಲೇ ಕುಮಠಳ್ಳಿಯವರ ರಾಜೀನಾಮೆ ಸಭಾಧ್ಯಕ್ಷರ ಕಚೇರಿಯನ್ನು ಸೇರಿತು; ವಿಶ್ವಾಸಮತದ ಚರ್ಚೆ ನಡೆದಾಗ ಪಾಟೀಲರು ಮುಂಬಯಿಯ ಆಸ್ಪತ್ರೆಯಲ್ಲಿದ್ದರು. ಜುಲೈ 23ರಂದು 99ಕ್ಕೆ 105ರಿಂದ ಸರಕಾರ ಬಿದ್ದಿತು. ಸಭಾಧ್ಯಕ್ಷರಾದ ಶ್ರೀ ಕೆ. ಆರ್. ರಮೇಶಕುಮಾರರು 25 ಮತ್ತು 28ರಂದು ಎರಡು ಕಂತುಗಳಲ್ಲಿ ಒಟ್ಟು 17 ಜನರನ್ನು ಅನರ್ಹಗೊಳಿಸಿದರು. 224ರಲ್ಲಿ 17 ಕಳೆದರೆ ಉಳಿದುದು 207. ಅರ್ಧಕ್ಕೆ ಮಿಕ್ಕುದು 104. ಭಾಜಪದ ಬಳಿ ಇದ್ದುದು 105. ಪ್ರಾಥಮಿಕ ಶಾಲೆಯ ಗಣಿತ.

ಸಂಸ್ಕೃತದಿಂದ ಬಂದ ‘ಪಕ್ಷ’ವೆಂಬ ಶಬ್ದಕ್ಕೆ ನಿಘಂಟಿನಲ್ಲಿ ರೆಕ್ಕೆಯೆಂದೂ ಅರ್ಥವಿದೆ, ತಿಂಗಳ ಅರ್ಧವೆಂದೂ ಅರ್ಥವಿದೆ. ಪಕ್ಷಾಂತರಿಗಳನ್ನು ಹಳಿಯುವವರು ಒಮ್ಮೆ ಚಂದ್ರನನ್ನು ನೆನೆಯಬಹುದು. ಆದರೆ ಆತನು ಹದಿನೈದು ದಿನಕ್ಕೊಮ್ಮೆ ತಪ್ಪದೆ, ಮುಂಚಿತವಾಗಿ ಪಂಚಾಂಗದಲ್ಲಿ ತಿಳಿಸಿಯೇ ಪಕ್ಷ ಬದಲಿಸುತ್ತಾನೆ. ಪಕ್ಷಾಂತರವನ್ನು ತಡೆಯಲೆಂದೇ 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತು. ಮೂರನೆಯ ಒಂದು ಪಾಲು ಸದಸ್ಯರು ಒಟ್ಟಾಗಿ ಒಡೆದು ಹೊರಬಂದರೆ ದೋಷವಿಲ್ಲವೆಂಬ ವಿನಾಯಿತಿ ಅದರಲ್ಲಿತ್ತು. 2003ರ ತಿದ್ದುಪಡಿ ಆ ಕಿಂಡಿಯನ್ನು ಮುಚ್ಚಿತು. ರಾಜೀನಾಮೆಯೆಂಬ ಹೆಬ್ಬಾಗಿಲು ಮಾತ್ರ ತೆರೆದೇ ಉಳಿಯಿತು.

ಅನರ್ಹರು ಆ ವಿಧಾನಸಭೆಯ ಅವಧಿ ಮುಗಿಯುವ ವರೆಗೆ ಸ್ಪರ್ಧಿಸಕೂಡದೆಂದು ಸಭಾಧ್ಯಕ್ಷರು ವಿಧಿಸಿದ್ದರು. ಸರ್ವೋಚ್ಚ ನ್ಯಾಯಾಲಯವು 2019ರ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿದು, ಈ ನಿರ್ಬಂಧವನ್ನು ಮಾತ್ರ ತೆಗೆದುಹಾಕಿತು. ಆ ತೀರ್ಪಿಗೆ ಕಾಗವಾಡದ ಶಾಸಕರ ಹೆಸರೇ ನಿಂತಿದೆ: ಶ್ರೀಮಂತ ಬಾಳಾಸಾಹೇಬ ಪಾಟೀಲ ವಿರುದ್ಧ ಕರ್ನಾಟಕ ವಿಧಾನಸಭೆಯ ಸಭಾಧ್ಯಕ್ಷರು. ಈ ಕಾನೂನನ್ನು ಓದುವಾಗಲೆಲ್ಲ ನನಗೆ ತೋರುವ ಕೊರತೆಯೊಂದುಂಟು. ಶಾಸಕನಿಗೂ ಪಕ್ಷಕ್ಕೂ ಇರುವ ಸಂಬಂಧ ಅದರಲ್ಲಿದೆ, ಶಾಸಕನಿಗೂ ಸಭಾಧ್ಯಕ್ಷನಿಗೂ ಇರುವ ಸಂಬಂಧವಿದೆ. ಜುಗುಳದ ಮತದಾರನು ಅದರಲ್ಲಿ ಎಲ್ಲಿಯೂ ಇಲ್ಲ. ಜುಲೈ ಕೊನೆಯಿಂದ ಡಿಸೆಂಬರ್ 9ರ ವರೆಗೆ ಅವನ ಪೀಠ ಬರಿದಾಗಿತ್ತು. ಬಿದ್ದ ಮನೆಯ ಪಂಚನಾಮೆ, ಪರಿಹಾರದ ಯಾದಿಯಲ್ಲಿ ಬಿಟ್ಟುಹೋದ ಹೆಸರು, ಕೊಚ್ಚಿಹೋದ ಕಾಗದಪತ್ರ ಇವೆಲ್ಲ ತಹಶೀಲದಾರರ ಕಚೇರಿಯಲ್ಲಿ ನಿರ್ಣಯವಾದುದು ಆ ತಿಂಗಳುಗಳಲ್ಲಿಯೇ.

ಇದಕ್ಕಿಂತ ವಿಚಿತ್ರವಾದುದು ಅಥಣಿಯ ಪಾಡು. ಗೆದ್ದ ಕುಮಠಳ್ಳಿಯವರು ಅನರ್ಹರಾಗಿ ಮನೆಯಲ್ಲಿದ್ದಾಗ, ಸೋತ ಸವದಿಯವರು ಆಗಸ್ಟ್ 20ರಂದು ಮಂತ್ರಿಗಳಾದರು, 26ರಂದು ಉಪಮುಖ್ಯಮಂತ್ರಿಗಳಾದರು. ಯಾವ ಸದನದ ಸದಸ್ಯನಲ್ಲದವನೂ ಆರು ತಿಂಗಳು ಮಂತ್ರಿಯಾಗಿರಬಹುದೆಂದು ಸಂವಿಧಾನವೇ ಹೇಳುತ್ತದೆ, ತಪ್ಪೇನೂ ಇಲ್ಲ. ಒಟ್ಟಿನಲ್ಲಿ ಅಥಣಿಗೆ ಉಪಮುಖ್ಯಮಂತ್ರಿ ಇದ್ದರು, ಶಾಸಕರಿರಲಿಲ್ಲ. ನೆರೆಯ ನಿಪ್ಪಾಣಿಯ ಶ್ರೀಮತಿ ಶಶಿಕಲಾ ಜೊಲ್ಲೆಯವರೂ ಅದೇ ದಿನ ಮಂತ್ರಿಗಳಾದರು. ಚಿಕ್ಕೋಡಿಯ ಶ್ರೀ ಗಣೇಶ ಹುಕ್ಕೇರಿಯವರು ಕಾಂಗ್ರೆಸ್ಸಿನಲ್ಲಿಯೂ ರಾಯಬಾಗದ ಶ್ರೀ ದುರ್ಯೋಧನ ಐಹೊಳೆಯವರು ಭಾಜಪದಲ್ಲಿಯೂ ಇದ್ದಲ್ಲಿಯೇ ಇದ್ದರು.

ಡಿಸೆಂಬರ್ 5ರಂದು ಉಪಚುನಾವಣೆ. ಅಥಣಿಯು ಅದೇ ಕುಮಠಳ್ಳಿಯವರನ್ನು, ಈಗ ಭಾಜಪದ ಚಿಹ್ನೆಯ ಮೇಲೆ, ಸುಮಾರು 40 ಸಾವಿರ ಮತಗಳ ಅಂತರದಿಂದ ಆರಿಸಿತು. ಕಾಗವಾಡದಲ್ಲಿ ರಾಜು ಕಾಗೆಯವರು ಅಷ್ಟರಲ್ಲಿ ಕಾಂಗ್ರೆಸ್ಸಿಗೆ ಬಂದಿದ್ದರು: ಅಭ್ಯರ್ಥಿಗಳು ಅವರೇ, ಚಿಹ್ನೆಗಳು ಅದಲುಬದಲು. ಗೆದ್ದವರು ಪಾಟೀಲರೇ. ಇದನ್ನು ಕಂಡು ನಗರದ ಬುದ್ಧಿವಂತರು ಹಳ್ಳಿಯ ಮತದಾರನಿಗೆ ನೀತಿಯ ಪರಿವೆಯಿಲ್ಲವೆಂದು ನಿಟ್ಟುಸಿರಿಟ್ಟರು. ನಾನು ಹಾಗೆಣಿಸೆನು. ಗೋಡೆ ಬಿದ್ದ ಮನೆಯ ಮುಂದೆ ನಿಂತವನಿಗೆ ಆಳುವ ಪಕ್ಷದ ಶಾಸಕನೊಬ್ಬನು ಬೇಕೆನ್ನಿಸಿದರೆ ಅದು ಲೋಕಜ್ಞಾನವಲ್ಲದೆ ಮತ್ತೇನು? ಪಾಟೀಲರು 2020ರ ಫೆಬ್ರವರಿಯಲ್ಲಿ ಮಂತ್ರಿಗಳಾದರು; ಕುಮಠಳ್ಳಿಯವರಿಗೆ ಆ ಪದವಿ ದೊರೆಯಲೇ ಇಲ್ಲ.

2021ರ ಜುಲೈ ತಿಂಗಳಲ್ಲಿ ಮತ್ತೆ ಹೊಳೆ ಬಂದಿತು. ನೆರೆ ಇನ್ನೂ ಇಳಿಯುವ ಮುನ್ನವೇ, 26ರಂದು, ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. 28ರಂದು ಶ್ರೀ ಬಸವರಾಜ ಬೊಮ್ಮಾಯಿಯವರು ಏಕಾಕಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಮಂತ್ರಿಗಳು ಬಂದುದು ಆಗಸ್ಟ್ 4ಕ್ಕೆ. ಹೊಸ ಯಾದಿಯಲ್ಲಿ ಜೊಲ್ಲೆಯವರು ಉಳಿದರು; ಸವದಿ, ಪಾಟೀಲ ಇಬ್ಬರನ್ನೂ ಕೈಬಿಡಲಾಗಿತ್ತು.

2023ರಲ್ಲಿ ಭಾಜಪದ ಟಿಕೆಟ್ಟು ಕುಮಠಳ್ಳಿಯವರಿಗೆ ಹೋಯಿತು. ಸವದಿಯವರು ಏಪ್ರಿಲ್ ತಿಂಗಳಲ್ಲಿ ಕಾಂಗ್ರೆಸ್ಸನ್ನು ಸೇರಿ, ಮೇ ತಿಂಗಳಲ್ಲಿ 76 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಐದು ವರ್ಷಗಳ ಹಿಂದೆ ಇವರಿಬ್ಬರ ನಡುವೆ ಇದ್ದುದು 2,331. ಕಾಗವಾಡದಲ್ಲಿ ಕಾಗೆಯವರು ಪಾಟೀಲರನ್ನು 9 ಸಾವಿರದೊಳಗಿನ ಅಂತರದಿಂದ ಸೋಲಿಸಿದರು. ಚಿಕ್ಕೋಡಿಯಲ್ಲಿ ಹುಕ್ಕೇರಿಯವರು, ನಿಪ್ಪಾಣಿಯಲ್ಲಿ ಜೊಲ್ಲೆಯವರು, ರಾಯಬಾಗದಲ್ಲಿ ಐಹೊಳೆಯವರು ಮತ್ತೆ ಆರಿಸಿಬಂದರು. ಕಾಂಗ್ರೆಸ್ಸಿಗೆ 135 ಸ್ಥಾನಗಳು ಬಂದುದರಿಂದ ಈ ಸಲ ಯಾರ ಪೀಠವೂ ಬರಿದಾಗಬೇಕಾಗಲಿಲ್ಲ. ಆ ಮೇ ತಿಂಗಳಲ್ಲಿ ರಚನೆಯಾದ ಮಂತ್ರಿಮಂಡಲದಲ್ಲಿ ಬೆಳಗಾವಿ ಜಿಲ್ಲೆಯ ಪಾಲು ಯಮಕನಮರಡಿಗೂ ಬೆಳಗಾವಿ ಗ್ರಾಮೀಣಕ್ಕೂ ಹೋಯಿತು. ಆಳುವ ಪಕ್ಷವನ್ನು ಗೆಲ್ಲಿಸಿದ್ದ ಅಥಣಿ, ಕಾಗವಾಡ, ಚಿಕ್ಕೋಡಿಗಳ ಜನ ಆ ಸುದ್ದಿಯನ್ನು ಓದಿ ಮಡಿಸಿಟ್ಟು, ರೋಹಿಣಿ ಮಳೆಯ ದಾರಿ ನೋಡತೊಡಗಿದರು.