ಬಾದಾಮಿ ಮಾವಿಗೆ ಕೆನೆ ಸೇರುವ ಹೊತ್ತು

ಮೇ ತಿಂಗಳ ಮಧ್ಯಾಹ್ನ. ಬೆಂಗಳೂರಿನ ಇಂದಿರಾನಗರದ ನೂರಡಿ ರಸ್ತೆಯ ಗದ್ದಲ ಬಿಟ್ಟು ಅಡ್ಡರಸ್ತೆಗೆ ತಿರುಗಿದರೆ, ಗುಲ್‌ಮೊಹರ್ ನೆರಳಲ್ಲಿ ಮಾವಿನ ತಳ್ಳುಗಾಡಿ. ಕೆನ್ನೆ ಕೆಂಪಾದ ಸೇಂದೂರ ಒಂದು ಕಡೆ, ರಸಪುರಿ ಇನ್ನೊಂದು ಕಡೆ, ಒಣಹುಲ್ಲಿನ ಮೇಲೆ ಬಾದಾಮಿ.

“ತಿನ್ನೋಕಾ, ಜ್ಯೂಸಿಗಾ ಅಮ್ಮ?”

“ಐಸ್‌ಕ್ರೀಮಿಗಪ್ಪ.”

ಗಾಡಿಯವನ ಕೈ ರಸಪುರಿಯನ್ನು ದಾಟಿ ಬಾದಾಮಿಗೆ ಹೋಗುತ್ತದೆ. ರಸಪುರಿಯಲ್ಲಿ ರಸ ಜಾಸ್ತಿ. ರಸದ ನೀರು ಹರಳುಗಟ್ಟಿ ನಾಲಿಗೆಗೆ ಚುಚ್ಚುತ್ತದೆ. ಬಾದಾಮಿಯ ತಿರುಳು ಗಟ್ಟಿ, ನಾರಿಲ್ಲ.

ಹತ್ತಿರದ ಹಳೆಯ ಮನೆಯೊಂದರ ಅಡುಗೆಮನೆಯಲ್ಲಿ ಒಂದು ಲೀಟರ್ ಹಾಲು ಕುದಿದು ಅರ್ಧಕ್ಕಿಳಿದಿದೆ. ಸಕ್ಕರೆ ಒಂದು ಹಿಡಿ ಹೆಚ್ಚೇ ಬಿದ್ದಿದೆ, ಏಕೆಂದರೆ ತಣ್ಣಗಾದಷ್ಟೂ ಸಿಹಿ ನಾಲಿಗೆಗೆ ಮಂಕಾಗುತ್ತದೆ. ಬಿಸಿ ಹಾಲಿಗೆ ಮಾವು ಬಿದ್ದರೆ ಹುಳಿಗೆ ಹಾಲು ಒಡೆದೀತು. ಪೂರ್ತಿ ಆರಿದ ಮೇಲೆಯೇ ತಿರುಳು, ಕೆನೆ. ಓಟೆ ಚೀಪುವ ಹಕ್ಕು ಮೊಮ್ಮಕ್ಕಳದು. ಮೊಣಕೈವರೆಗೆ ಹಳದಿ.

ವರಾಂಡದಲ್ಲಿ ಅಜ್ಜಿಯ ಐಸ್‌ಕ್ರೀಮ್ ಬಕೆಟ್ ಕೂತಿದೆ. ಹೊರಗೆ ಮರ, ಒಳಗೆ ಉದ್ದನೆಯ ಡಬ್ಬಿ, ಮೇಲೆ ಹಿಡಿಕೆ. 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬಾಕೆ ಪೇಟೆಂಟ್ ಪಡೆದ ಯಂತ್ರದ ವಂಶದ್ದು. ಡಬ್ಬಿಯ ಸುತ್ತ ಮೂರು ಪಾಲು ಐಸ್, ಒಂದು ಪಾಲು ಕಲ್ಲುಪ್ಪು. ಉಪ್ಪು ತಾಗಿದ ಐಸ್ ಕರಗತೊಡಗುತ್ತದೆ, ಕರಗಲು ಬೇಕಾದ ಶಾಖವನ್ನು ಡಬ್ಬಿಯ ಹಾಲಿನಿಂದಲೇ ಎಳೆದುಕೊಳ್ಳುತ್ತದೆ. ಈ ಮಿಶ್ರಣದ ಉಷ್ಣಾಂಶ ಸೊನ್ನೆಗಿಂತ 21 ಡಿಗ್ರಿ ಸೆಲ್ಸಿಯಸ್‌ವರೆಗೂ ಕೆಳಗಿಳಿಯಬಲ್ಲದು.

“ಮುಚ್ಚಳ ಭದ್ರ ಕಣೋ, ಉಪ್ಪುನೀರು ಒಳಗೆ ಹೋದ್ರೆ ಎಲ್ಲಾ ಕೆಟ್ಟಿತು!”

ಸರದಿಯ ಮೇಲೆ ಹಿಡಿಕೆ ತಿರುಗುತ್ತದೆ. ಮೊದಲು ಹಗುರ, ಆಮೇಲೆ ಭಾರ. ಡಬ್ಬಿಯೊಳಗಿನ ರೆಕ್ಕೆ ಗೋಡೆಗೆ ಹತ್ತಿದ ಹರಳುಗಳನ್ನು ಕೆರೆದು ನುಣುಪಾಗಿಸುತ್ತದೆ, ಗಾಳಿಯನ್ನೂ ತುಂಬುತ್ತದೆ. ಚಿಕ್ಕವನ ಕೈಗೆ ಹಿಡಿಕೆ ಮಣಿಯದಾದಾಗ ಅಜ್ಜಿ ಮುಚ್ಚಳ ತೆಗೆಯುತ್ತಾರೆ. ಬಣ್ಣ ಹಾಕಿಲ್ಲ, ಎಸೆನ್ಸ್ ಇಲ್ಲ. ಆದರೂ ವರಾಂಡ ತುಂಬ ಮಾವಿನ ವಾಸನೆ. ಮೊದಲ ಚಮಚ ಬಾಯಿಗಿಟ್ಟವರೆಲ್ಲ ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ.

ಈ ಸರಳತೆಗೆ ದೊಡ್ಡ ಶಕ್ತಿಯಿದೆ. ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತ್ 1984ರಲ್ಲಿ ಮುಂಬೈಯ ಜುಹುವಿನಲ್ಲಿ ‘ನ್ಯಾಚುರಲ್ಸ್’ ಅಂಗಡಿ ತೆರೆದಾಗ ನಂಬಿದ್ದು ಇದನ್ನೇ: ಹಣ್ಣು, ಹಾಲು, ಸಕ್ಕರೆ. ಹಣ್ಣಿನ ಹದ ಬಲ್ಲವರಿಗೆ ಅಷ್ಟು ಸಾಕು. ಅದನ್ನು ಕಲಿಯಲು ಮಕ್ಕಳಿಗೆ ಮನೆಗಿಂತ ಒಳ್ಳೆಯ ಶಾಲೆಯಿಲ್ಲ.

ಮಾವು ಮುಗಿಯುವ ಹೊತ್ತಿಗೆ ನೇರಳೆ ಬರುತ್ತದೆ. ಅದರ ಒಗರಿಗೆ ಸಕ್ಕರೆ ಕೊಂಚ ಹೆಚ್ಚು ಬೇಕು. ಆಗಸ್ಟ್ ದಾಟಿದರೆ ಸೀತಾಫಲ. ಅದನ್ನು ಬೇಯಿಸಿದರೆ ಕಹಿ, ಬೀಜ ಬಿಡಿಸುವ ತಾಳ್ಮೆಯೂ ಬೇಕು. ಹಾಗಾಗಿ ಈ ಮನೆಯ ಬಕೆಟ್ ಅಟ್ಟ ಹತ್ತುವುದು ದೀಪಾವಳಿ ಕಳೆದ ಮೇಲೆಯೇ.