ಹೊಂಡದ ಮೀನು ಬಾಯಿ ತೆರೆದಾಗ

ಯಲಹಂಕದಿಂದ ಹೆಸರಘಟ್ಟದ ಕಡೆಗೆ ಸಾಗಿದರೆ ದ್ರಾಕ್ಷಿ ತೋಟ, ಹೂವಿನ ಪಾಲಿಹೌಸ್‌ಗಳ ಮಗ್ಗುಲಲ್ಲಿ ಕಪ್ಪು ಹಾಳೆ ಹೊದ್ದ ಕೃಷಿಹೊಂಡಗಳು ಕಣ್ಣಿಗೆ ಬೀಳುತ್ತವೆ. 2014ರಲ್ಲಿ ಕೃಷಿಭಾಗ್ಯ ಯೋಜನೆ ಆರಂಭವಾದ ಮೇಲೆ ರಾಜ್ಯದ ಒಣಭೂಮಿಯಲ್ಲಿ ಇಂಥ ಹೊಂಡಗಳು ಹೆಚ್ಚಿದವು. ನೀರು ಹೇಗೂ ನಿಂತಿದೆ, ನಾಲ್ಕು ಮೀನು ಬಿಟ್ಟರಾಯಿತು ಎಂದು ರೈತನಿಗೆ ಅನ್ನಿಸುವುದು ಸಹಜ. ಆದರೆ ಹೊಂಡ ಕೆರೆಯಲ್ಲ.

ಕಾಟ್ಲಾ, ರೋಹು, ಮೃಗಾಲ್ ಮೂರೂ ಮೂಲತಃ ಹೊಳೆಯ ಮೀನುಗಳು. ನಿಂತ ನೀರಿನಲ್ಲಿ ಬೆಳೆಯುತ್ತವೆ, ಮರಿ ಮಾಡುವುದಿಲ್ಲ. ಹಿಂದೆ ಮರಿಗಳನ್ನು ನದಿಗಳಲ್ಲೇ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಜಾತಿಯ ಮೀನುಗಳನ್ನು ಮೊಟ್ಟೆಯಿಡಿಸಿದರು. ಇಂದು ರೈತರಿಗೆ ಬಿತ್ತನೆ ಮರಿ ಸಿಗುತ್ತಿರುವುದು ಆ ಪ್ರಯೋಗದಿಂದ. ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವೊಂದು ಹೆಸರಘಟ್ಟದಲ್ಲೇ ಇದೆ.

ಕಾಟ್ಲಾ ಮೇಲ್ಭಾಗದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಮೂರನ್ನೂ ಕೂಡಿಸಿ ಬಿಡುವುದು ವಾಡಿಕೆ. ಎರಡು ಚದರ ಮೀಟರಿಗೆ ಒಂದರಂತೆ, 21 ಮೀಟರ್ ಉದ್ದಗಲದ ಹೊಂಡಕ್ಕೆ ಸುಮಾರು 220 ಮರಿ. ಅಗ್ಗಕ್ಕೆ ಸಿಕ್ಕಿತೆಂದು ಸಾವಿರ ಬಿಟ್ಟವರಿಗೆ ಸಾವಿರ ಮೀನು ದಕ್ಕುವುದಿಲ್ಲ. ಮರಿ ಬೆರಳುದ್ದವಿದ್ದರೆ ಬದುಕುವ ಸಾಧ್ಯತೆ ಹೆಚ್ಚು.

ಪ್ಲಾಸ್ಟಿಕ್ ಹಾಳೆಯ ಹೊಂಡದಲ್ಲಿ ಕೆಸರಿಲ್ಲ. ಹೀಗಾಗಿ ಮೀನು ತಿನ್ನುವ ಸೂಕ್ಷ್ಮಜೀವಿಗಳನ್ನು ಸಗಣಿ ಹಾಕಿ ಬೆಳೆಸಬೇಕು. ಅಪಾಯವಿರುವುದೂ ಇಲ್ಲೇ. ನೀರನ್ನು ಹಸಿರಾಗಿಸುವ ಸೂಕ್ಷ್ಮ ಸಸ್ಯಗಳು ಹಗಲು ಆಮ್ಲಜನಕ ಕೊಡುತ್ತವೆ; ಇರುಳಲ್ಲಿ ಮೀನಿನೊಡನೆ ಅವೂ ಅದನ್ನೇ ಉಸಿರಾಡುತ್ತವೆ. ಮೋಡ ಕವಿದ ದಿನದ ಮರುದಿನ, ಬೆಳಗಿನ ಜಾವ, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟಿದ ಲಕ್ಷಣ. ಹಸಿವೆಂದು ತಿಳಿದು ಮೇವು ಚೆಲ್ಲಿದರೆ ಕೇಡು ಹೆಚ್ಚುತ್ತದೆ. ಪಂಪು ಹಾಕಿ ಹೊಂಡದ ನೀರನ್ನೇ ಎತ್ತರದಿಂದ ಮತ್ತೆ ಹೊಂಡಕ್ಕೆ ಸುರಿಸಬೇಕು; ಸಗಣಿ, ಮೇವು ಎರಡನ್ನೂ ನಿಲ್ಲಿಸಬೇಕು. ಪರೀಕ್ಷೆಗೆ ಸಲಕರಣೆ ಬೇಡ: ಮೊಣಕೈವರೆಗೆ ಕೈ ಮುಳುಗಿಸಿದಾಗ ಅಂಗೈ ಮಸುಕಾಗಿಯಾದರೂ ಕಾಣಬೇಕು. ಮಣಿಕಟ್ಟು ಮುಳುಗುವಷ್ಟರಲ್ಲೇ ಮರೆಯಾದರೆ ನೀರು ಮಿತಿಮೀರಿ ಹಸಿರಾಗಿದೆ.

ಇಷ್ಟಾದರೂ ಹೊಂಡ ತೋಡಿದ್ದು ಬೆಳೆಗಾಗಿ. ಮಳೆ ಕೈಕೊಟ್ಟಾಗ ರಾಗಿಗೆ ನೀರು ಹಾಯಿಸಲೇಬೇಕು. ಆಗ ಹೊಂಡದಲ್ಲಿ ಉಳಿಯುವ ನೀರಿಗೆ ಅಷ್ಟೂ ಮೀನು ಹೆಚ್ಚಾಗುತ್ತವೆ. ಎಲ್ಲವೂ ಒಂದು ಕಿಲೋ ತೂಗಲಿ ಎಂದು ಕಾಯದೆ, ನೀರಿಳಿದಂತೆಲ್ಲ ದೊಡ್ಡವನ್ನು ಬಲೆ ಬೀಸಿ ಹಿಡಿದು ಮಾರುವುದೇ ಲಾಭ.